ಕುದುರೆಯ ಋಣ

ಆಯುಧಪೂಜೆಯಂದು ಮೈಸೂರಿನ ಅರಮನೆಯಲ್ಲಿ ಪಟ್ಟದ ಕುದುರೆಗೂ ಪೂಜೆ ಸಲ್ಲುವುದನ್ನು ನಾವೆಲ್ಲ ಬಲ್ಲೆವು. ಯಾವ ಪೂಜೆಯನ್ನೂ ಕಾಣದ ಕುದುರೆಗಳೂ ಉಂಟು. ನಾಗರ, ಕಟ್ಟುಹಾವು, ಕೊಳಕುಮಂಡಲ, ಗರಗಸಮಂಡಲ ಈ ನಾಲ್ಕರ ವಿಷವನ್ನು ಅಲ್ಪಾಲ್ಪವಾಗಿ ಅವುಗಳ ಮೈಗೇರಿಸಿ, ಬಳಿಕ ಅವುಗಳ ರಕ್ತದಿಂದಲೇ ವಿಷಹರ ಔಷಧವನ್ನು ತಯಾರಿಸುತ್ತಾರೆ.

1897ರ ಜನವರಿಯಲ್ಲಿ ಮುಂಬಯಿಯಲ್ಲಿ ಹಾಫ್ಕಿನ್ ಮಹಾಶಯರು ತಾವು ಸಿದ್ಧಪಡಿಸಿದ ಪ್ಲೇಗಿನ ಲಸಿಕೆಯನ್ನು, ಮನುಷ್ಯರ ಪೈಕಿ ಮೊದಲು ತಮ್ಮ ಮೈಗೇ ಚುಚ್ಚಿಸಿಕೊಂಡರು. ಅದು ಒಪ್ಪಿ ಒಡ್ಡಿದ ಮೈ. ಕುದುರೆಯ ಒಪ್ಪಿಗೆಯನ್ನು ಕೇಳಿದವರಾರು? ಹಾಗೆಂದು ಔಷಧವೇ ಬೇಡವೆನ್ನಲು ನನಗೆ ನಾಲಗೆ ಏಳದು. ಗದ್ದೆಯ ಬದುವಿನಲ್ಲಿ ಹಾವು ಕಚ್ಚಿದ ನನ್ನ ತಮ್ಮನು ಬದುಕಿರುವುದು ಅದರಿಂದಲೇ.

ಗೃಹಸ್ಥನಿಗೆ ವಿಧಿಸಿದ ಪಂಚಮಹಾಯಜ್ಞಗಳಲ್ಲಿ ಭೂತಯಜ್ಞವೂ ಒಂದು. ಮೂಕಪ್ರಾಣಿಗೆ ತೆಗೆದಿಡುವ ತುತ್ತು ದಾನವಲ್ಲ, ಋಣಸಂದಾಯ. (ಬ್ಯಾಂಕಿನ ಗುಮಾಸ್ತನ ಕಣ್ಣಿಗೆ ಸಾಲವೇ ಮೊದಲು ಬೀಳುತ್ತದೆ, ಕ್ಷಮಿಸಬೇಕು.) ಪ್ರಾಣವನ್ನುಳಿಸಲು ಮಾಡಿದ ಸಾಲ ಬೇರೆ, ಮುಖದ ಕಾಂತಿಗಾಗಿ ಮೊಲದ ಕಣ್ಣಿಗೆ ದ್ರಾವಣವನ್ನು ಸುರಿದು ಮಾಡುವ ಸಾಲ ಬೇರೆ. ಪ್ರಸಾಧನಗಳಿಗಾಗಿ ಪ್ರಾಣಿಗಳ ಮೇಲೆ ನಡೆಸುವ ಪರೀಕ್ಷೆಯನ್ನು ನಮ್ಮ ದೇಶವು 2014ರಲ್ಲಿ ನಿಷೇಧಿಸಿತು. ಮೊದಲನೆಯ ಸಾಲವು ಮಾತ್ರ ನಮ್ಮ ಹೆಸರಿನಲ್ಲಿ ಇನ್ನೂ ಬೆಳೆಯುತ್ತಲೇ ಇದೆ.

ನಾನು ಇಲ್ಲಿ ಸ್ಕೂಟರಿಗೆ ಹೂವೇರಿಸುವ ಹೊತ್ತಿಗೆ, ಊರಿನಲ್ಲಿ ತಮ್ಮನು ಒಂದು ಸೇರು ಹುರುಳಿಯನ್ನು ಬೇಯಿಸಿಕೊಂಡು ಜಟಕಾ ಕುದುರೆಯನ್ನು ಹುಡುಕಿ ಹೊರಟಿರುತ್ತಾನೆ.