ನನಗೆ ಚಳಿಯಿಲ್ಲ

ನಮ್ಮ ಹನಗೋಡಿನ ಕಡೆಯವರಿಗೆ ಪ್ರವಾಸ ಎಂದರೆ ಮೊದಲು ನೆನಪಾಗುವುದು ಊಟಿ. ಹುಣಸೂರು, ಮೈಸೂರು, ನಂಜನಗೂಡು, ಗುಂಡ್ಲುಪೇಟೆ ದಾಟಿ ಬಂಡೀಪುರದ ಕಾಡು ಹೊಕ್ಕರೆ ಮುಂದೆ ನೀಲಗಿರಿ. ಹೊಗೆಸೊಪ್ಪು ಮಾರಿ ಕೈಯಲ್ಲಿ ನಾಲ್ಕು ಕಾಸು ಓಡಾಡುವ ಡಿಸೆಂಬರ್, ಜನವರಿಯಲ್ಲೇ ಶಾಲೆಯ ಪ್ರವಾಸವೂ ಮನೆಮಂದಿಯ ಪ್ರವಾಸವೂ ಹೊರಡುತ್ತವೆ. ಊಟಿಯಲ್ಲಿ ಚಳಿ ಹೆಚ್ಚುವುದೂ ಆಗಲೇ. ಹೊರಡುವ ಹಿಂದಿನ ವಾರದಿಂದ ಎಲ್ಲರ ಬಾಯಲ್ಲೂ ಒಂದೇ ಮಾತು: ಏನು ಹಾಕಿಕೊಳ್ಳುವುದು, ಏನು ಕಟ್ಟಿಕೊಳ್ಳುವುದು?

ಈ ಪ್ರಶ್ನೆಗೆ ವಿಜ್ಞಾನದ ಪಾಠದಲ್ಲಿ ಸುಲಭವಾಗಿ ಉತ್ತರ ಸಿಗುತ್ತದೆ. ಮೈಸೂರು ಸಮುದ್ರಮಟ್ಟದಿಂದ ಸುಮಾರು 770 ಮೀಟರ್ ಎತ್ತರದಲ್ಲಿದೆ. ಊಟಿ ಸುಮಾರು 2,240 ಮೀಟರ್. ಸಾವಿರ ಮೀಟರ್ ಏರಿದರೆ ಉಷ್ಣತೆ ಸರಾಸರಿ ಆರೂವರೆ ಡಿಗ್ರಿ ಇಳಿಯುತ್ತದೆ. ಹೀಗಾಗಿ ಒಂದೇ ದಿನದ ಬಸ್ ಪ್ರಯಾಣದಲ್ಲಿ ನಾವು ಒಂಬತ್ತು ಹತ್ತು ಡಿಗ್ರಿ ಕೆಳಗಿಳಿದಿರುತ್ತೇವೆ. ಜನವರಿಯ ಕೆಲವು ಮುಂಜಾವುಗಳಲ್ಲಿ ಅಲ್ಲಿನ ತಗ್ಗಿನ ಹುಲ್ಲು ಇಬ್ಬನಿ ಹೆಪ್ಪುಗಟ್ಟಿ ಬೆಳ್ಳಗಾಗಿರುತ್ತದೆ.

ಇಂಥ ಚಳಿಗೆ ಒಂದು ದಪ್ಪ ಬಟ್ಟೆಗಿಂತ ಎರಡು ತೆಳು ಬಟ್ಟೆ ಮೇಲು. ಪದರಗಳ ನಡುವೆ ಸಿಕ್ಕಿಕೊಂಡ ಗಾಳಿಯೇ ಮೈಯ ಬಿಸಿಯನ್ನು ಹೊರಗೆ ಬಿಡದೆ ಕಾಯುತ್ತದೆ. ಉಣ್ಣೆ ಮಂಜಿನಲ್ಲಿ ತುಸು ತೇವವಾದರೂ ಬೆಚ್ಚಗಿರುತ್ತದೆ, ಹತ್ತಿ ಒದ್ದೆಯಾದರೆ ಮೈಗಂಟಿ ಕೊರೆಯುತ್ತದೆ. ಸೀರೆ ಉಡುವವರಿಗೆ ಚಳಿ ಕೆಳಗಿನಿಂದ ನುಗ್ಗುತ್ತದೆ. ಒಳಗೊಂದು ಲೆಗ್ಗಿಂಗ್ಸ್, ಕಾಲುಚೀಲ, ಮುಚ್ಚಿದ ಚಪ್ಪಲಿ ಬೇಕು. ಬೊಟಾನಿಕಲ್ ಗಾರ್ಡನ್ನಿನ ಫೋಟೋಕ್ಕೆಂದು ರೇಷ್ಮೆ ಸೀರೆ ಒಯ್ಯುವವರಿದ್ದಾರೆ. ಒಯ್ಯಲಿ, ಆದರೆ ಅದನ್ನು ಸ್ವೆಟರಿನ ಕೆಳಗೆ ಮುಚ್ಚಿಡಲು ಮನಸ್ಸಿರಬೇಕು! ಆ ಬೆಟ್ಟದವರೇ ಆದ ತೋಡರು ಹೊದೆಯುವ ಪೂತುಕುಳಿಯನ್ನು ನೋಡಿ. ಬಿಳಿಯ ಒರಟು ಹತ್ತಿ ಬಟ್ಟೆ, ಅಂಚಿಗೆ ಕೆಂಪು ಕಪ್ಪು ಕಸೂತಿ; ಹೊದೆಯುವುದು ಎರಡು ಪದರವಾಗಿ. 2013ರಲ್ಲಿ ಭೌಗೋಳಿಕ ಗುರುತಿನ ಮಾನ್ಯತೆ ಪಡೆದ ಆ ಕಸೂತಿಯನ್ನು ನಾವು ಅಂದಕ್ಕೆ ಮೆಚ್ಚುತ್ತೇವೆ. ಆ ಎರಡು ಪದರದಲ್ಲಿರುವ ವಿವೇಕವೂ ಮೆಚ್ಚುವಂಥದೇ.

ಇಲ್ಲಿಗೆ ಪಟ್ಟಿ ಮುಗಿಯಿತು ಎನ್ನಬಹುದಿತ್ತು. ಆದರೆ ಶಾಲೆಯಲ್ಲಿ ಅದನ್ನು ಕರಿಹಲಗೆಯ ಮೇಲೆ ಬರೆದು, 'ಸ್ವೆಟರ್ ಕಡ್ಡಾಯ' ಎಂದು ಅಡಿಗೆರೆ ಎಳೆದರೆ ಆಮೇಲೆ ಏನಾಗುತ್ತದೆ ಎಂಬುದು ಮೇಷ್ಟರುಗಳಿಗೆಲ್ಲ ಗೊತ್ತು. ಮಾರನೆಯ ದಿನ ಇಬ್ಬರು ಮೂವರು ಹೆಸರು ಹಿಂದಕ್ಕೆ ಪಡೆಯುತ್ತಾರೆ. ಕಾರಣ ಕೇಳಿದರೆ ಹೊಟ್ಟೆನೋವು, ಇಲ್ಲವೇ ಅಜ್ಜಿಗೆ ಹುಷಾರಿಲ್ಲ. ಹೋಗಲೇಬೇಕೆಂಬ ಆಸೆಯ ಒಬ್ಬಳು ಮಾತ್ರ ಎದ್ದು ನಿಂತು, "ನನಗೆ ಚಳಿ ಆಗೋದಿಲ್ಲ ಮಿಸ್" ಎನ್ನುತ್ತಾಳೆ.

ಸ್ವೆಟರಿಗೇನು ಮಹಾ ಬೆಲೆ ಎಂದು ಕೇಳುವವರುಂಟು. ಮೂರು ಮಕ್ಕಳ ಮನೆಗೆ ಅದು ಮೂರು ಸ್ವೆಟರು. ನಮ್ಮ ಸೀಮೆಯಲ್ಲಿ ವರ್ಷಕ್ಕೆ ನಾಲ್ಕು ದಿನ ಹಾಕಿದರೆ ಹೆಚ್ಚು. ಬೇಡ ಎನ್ನುವ ತಂದೆಯನ್ನು ಜಿಪುಣ ಎನ್ನಲಾರೆ. ಹಾಗೆಂದು ನಿಯಮ ಸಡಿಲಿಸಿ ಬರಿಮೈಯ ಮಗುವನ್ನು ದೊಡ್ಡಬೆಟ್ಟದ ಗಾಳಿಗೆ ಒಡ್ಡುವುದೂ ದಯೆಯಲ್ಲ. ಎರವಲು ಕೊಡಿಸಿದರೆ? "ಇದು ನಮ್ಮಣ್ಣನ ಸ್ವೆಟರು" ಎಂದು ಇನ್ನೊಂದು ಮಗು ಬಸ್ಸಿಗೆಲ್ಲ ಕೇಳುವಂತೆ ಹೇಳೀತು. ಆ ಹುಡುಗಿ ಹೇಳಿದ್ದು ಸುಳ್ಳೇ. ಆದರೆ ಅವಳ ಮಾನ ನಿಂತಿರುವುದು ಆ ಸುಳ್ಳಿನ ಮೇಲೆ. ಅದನ್ನು ಎಲ್ಲರೆದುರು ಕೆದಕಿ ನಿಜ ಹೊರಡಿಸುವ ಸತ್ಯನಿಷ್ಠೆ ನನಗೆ ಬೇಡ. ಅಂಥ ಸುಳ್ಳು ಹೇಳುವ ಅಗತ್ಯವೇ ಬಾರದಂತೆ ಮಾಡಬೇಕು, ಅಷ್ಟೆ.

ಅದಕ್ಕೇ ನಾವು ಒಂದು ದೊಡ್ಡ ಚೀಲ ಇಡುತ್ತೇವೆ. ಪ್ರತಿ ಮನೆಯಿಂದ ಯಾವುದಾದರೂ ಒಂದು ಬೆಚ್ಚನೆಯ ಬಟ್ಟೆ, ಹಳೆಯ ಶಾಲಾಗಲಿ, ಮಫ್ಲರಾಗಲಿ, ಹೊಲಕ್ಕೆ ಹೊದ್ದು ಹೋಗುವ ಕಂಬಳಿಯಾಗಲಿ, ಅದಕ್ಕೆ ಬೀಳಬೇಕು. ಮೇಷ್ಟರುಗಳದ್ದೂ ಸೇರಬೇಕು. ಘಾಟಿ ಹತ್ತಿದ ಮೇಲೆ ಕೈಗೆ ಸಿಕ್ಕಿದ್ದು ಅವರವರಿಗೆ. ಯಾವುದು ಯಾರದೆಂದು ಮಕ್ಕಳಿಗೆ ತಿಳಿಯದೇ ಇರುವುದಿಲ್ಲ. ಆದರೆ ಹುಡುಗನ ತಲೆಗೆ ಮೇಷ್ಟರ ಮಫ್ಲರು, ಮಿಸ್ ಹೆಗಲಿಗೆ ಆ ಹುಡುಗನ ಮನೆಯ ಕಂಬಳಿ ಬಂದಾಗ ಯಾರೊಬ್ಬರೂ ಬರಿಯ ಕೊಡುವವರಲ್ಲ, ಬರಿಯ ಪಡೆಯುವವರೂ ಅಲ್ಲ.

ಇದೇ ಮಾತನ್ನು ಇನ್ನೊಬ್ಬರೂ ಹೇಳುತ್ತಾರೆ. ಮನೆಯವರ ಸ್ವೆಟರು, ಮಕ್ಕಳ ಟೋಪಿ, ಅತ್ತೆಯವರ ಶಾಲು ಎಲ್ಲವನ್ನೂ ಚೀಲಕ್ಕೆ ಜೋಡಿಸಿ, "ನಿನಗೆ?" ಎಂದು ಯಾರಾದರೂ ಕೇಳಿದರೆ "ನನಗೆ ಚಳಿಯಿಲ್ಲ, ಸೆರಗು ಹೊದ್ದರಾಯಿತು" ಎನ್ನುವ ನಾವು. ಆ ಹುಡುಗಿಯದು ಇಲ್ಲದವಳ ಸುಳ್ಳು. ನಮ್ಮದು ಬಹುಪಾಲು ಹಾಗಲ್ಲ. ಚೀಲದಲ್ಲಿ ಜಾಗವಿರುತ್ತದೆ, ಕಪಾಟಿನಲ್ಲಿ ಶಾಲೂ ಇರುತ್ತದೆ. ಪ್ರೀತಿಯಿಂದಲೇ ಹೇಳುತ್ತೇವೆ, ನಿಜ. ಆದರೆ ಹತ್ತು ಸಲ ಹೇಳಿದರೆ ಮನೆಯವರು ನಂಬಿಬಿಡುತ್ತಾರೆ. ಅಮ್ಮನಿಗೆ ಚಳಿಯಾಗುವುದಿಲ್ಲ ಎಂದುಕೊಂಡೇ ಮಗ ಬೆಳೆಯುತ್ತಾನೆ. ತನಗೂ ಚಳಿಯಾಗಬಾರದು ಎಂದುಕೊಂಡು ಮಗಳು ಬೆಳೆಯುತ್ತಾಳೆ. ತಾಯಿಯಿಂದ ಮಗಳಿಗೆ ಬರುವ ಆಸ್ತಿಯಲ್ಲಿ ಇದೂ ಒಂದಾಗಬೇಕೇ?

ಹಾಸಿಗೆ ಇದ್ದಷ್ಟು ಕಾಲು ಚಾಚು ಎಂದರು ಹಿರಿಯರು. ಒಪ್ಪುವ ಮಾತು. ಆದರೆ ಹಾಸಿಗೆ ಚಿಕ್ಕದಾದಾಗೆಲ್ಲ ಮಡಚಿಕೊಳ್ಳುವ ಕಾಲು ಪ್ರತಿ ಸಲವೂ ಒಬ್ಬರದೇ ಆಗಿದ್ದರೆ ಅದನ್ನು ಮಿತವ್ಯಯ ಎನ್ನಲು ನನ್ನ ಮನಸ್ಸು ಒಪ್ಪುವುದಿಲ್ಲ.

ಬಂಡೀಪುರದ ರಸ್ತೆಯಲ್ಲಿ 2009ರಿಂದ ರಾತ್ರಿ ಒಂಬತ್ತರಿಂದ ಬೆಳಗಿನ ಆರರವರೆಗೆ ವಾಹನ ಬಿಡುವುದಿಲ್ಲ. ಹಾಗಾಗಿ ನಸುಕಿನಲ್ಲೇ ಹೊರಟರೂ ಅವಸರ ಬೇಡ. ಚೀಲ ಕಟ್ಟುವ ಮುನ್ನ ಒಂದು ಹಾಳೆಯ ಮೇಲೆ ಮನೆಯವರೆಲ್ಲರ ಹೆಸರು ಬರೆದು, ಪ್ರತಿ ಹೆಸರಿನ ಮುಂದೆ ಒಂದು ಬೆಚ್ಚನೆಯ ಬಟ್ಟೆ ಬರೆಯಿರಿ. ನಿಮ್ಮ ಹೆಸರೂ ಅದರಲ್ಲಿದೆಯೇ ನೋಡಿಕೊಳ್ಳಿ. ಆಮೇಲೆ ಚೀಲದ ಬಾಯಿ ಕಟ್ಟಿ.