ದಂಪತಿಗಳ ಮೌನವು ಸಮಾಧಾನವಾಗಿರುತ್ತದೋ?

ನಮ್ಮ ಗ್ರಾಮಸಭೆಗಳಲ್ಲಿ ಒಂದು ಕುಟುಂಬವನ್ನು ಹೊಗಳಬೇಕಾದರೆ, "ಆ ಮನೆಯ ಗಂಡಹೆಂಡರ ಮಾತು ಹೊರಗೆ ಕೇಳಿಸಿದ್ದೇ ಇಲ್ಲ" ಎಂದು ಹೇಳುವ ವಾಡಿಕೆಯುಂಟು. ಕುಡಿತವೂ ಹೊಡೆದಾಟವೂ ಇರುವ ಬೀದಿಯಲ್ಲಿ ಇಂಥ ಮನೆಯು ಸುವಾರ್ತೆಗೆ ಸಾಕ್ಷಿಯಾಗಿರುವದೆಂಬದು ನಿಜವೇ. ಆದರೆ ಒಳಗೆ ಮಾತೇ ಇಲ್ಲದಿರುವದರಿಂದ ಹೊರಗೆ ಏನೂ ಕೇಳಿಸದೆ ಇರಬಹುದೆಂಬದನ್ನು ನಾವು ಬಹುಕಾಲ ಆಲೋಚಿಸಿದ್ದಿಲ್ಲ. ಕಳೆದ ವರುಷ ಕೃಷ್ಣರಾಜಪುರದ ಒಂದು ಮನೆಯಲ್ಲಿ ನಡೆದ ಸಂಗತಿಯು ನಮ್ಮನ್ನು ಆಲೋಚನೆಗೆ ಹಚ್ಚಿತು. ಅದರಲ್ಲಿ ನಮ್ಮ ತಪ್ಪೂ ಸೇರಿರುವದರಿಂದ ಮರೆಮಾಡದೆ ಬರೆಯುತ್ತೇವೆ. ಆ ದಂಪತಿಗಳ ಒಪ್ಪಿಗೆಯನ್ನು ಕೇಳಿ ಪಡೆದಿದ್ದೇವೆ. ಹೆಸರುಗಳನ್ನು ಮಾತ್ರ ಬಿಟ್ಟಿದ್ದೇವೆ.

ಆತನು ಹೊಸಕೋಟೆಯ ಆಚೆಯ ಹಳ್ಳಿಯವನು, ಬಾಡಿಗೆಯ ಟೆಂಪೋ ಓಡಿಸಿ ಜೀವಿಸುವವನು. ಆಕೆಯು ಹಲಸೂರಿನಲ್ಲಿ ಹುಟ್ಟಿ ಬೆಳೆದವಳು, ಮನೆಮಾತು ತಮಿಳು. 1809ರಲ್ಲಿ ಆಂಗ್ಲರು ಹಲಸೂರಿನ ಬಳಿಯಲ್ಲಿ ದಂಡನ್ನು ಸ್ಥಾಪಿಸಿದಾಗ ಮದ್ರಾಸಿನ ಸೀಮೆಯಿಂದ ಸಿಪಾಯಿಗಳೂ ಅವರ ಹಿಂದೆ ಕೂಲಿಯವರೂ ವ್ಯಾಪಾರಿಗಳೂ ಬಂದು ನೆಲೆಸಿದರು. ಆದಕಾರಣ ದಂಡಿನ ಸಭೆಗಳಲ್ಲಿ ತಮಿಳು ಆರಾಧನೆಯೂ ಪೇಟೆಯ ಮತ್ತು ಹಳ್ಳಿಯ ಸಭೆಗಳಲ್ಲಿ ಕನ್ನಡ ಆರಾಧನೆಯೂ ನಡೆದುಬಂದವು. 1947ರ ಸೆಪ್ಟೆಂಬರ್ 27ರಂದು ದಕ್ಷಿಣ ಇಂಡಿಯಾ ಸಭೆಯು ಐಕ್ಯವಾದ ಮೇಲೆ ಬಿಷಪ್ಪರು ಒಬ್ಬರಾದರೂ ಅಡಿಗೆಮನೆಗಳು ಒಂದಾಗಲಿಲ್ಲ. ಈಗಲಾದರೋ ನಮ್ಮ ಹಳ್ಳಿಗಳ ಯುವಕರು ಬಸ್ಸಿನಲ್ಲಿ ಕೃಷ್ಣರಾಜಪುರಕ್ಕೆ ಬಂದು, 2023ರ ಅಕ್ಟೋಬರಿನಿಂದ ನಡುವೆ ತಡೆಯಿಲ್ಲದೆ ಓಡುತ್ತಿರುವ ಮೆಟ್ರೋ ರೈಲನ್ನು ಹತ್ತಿದರೆ ಅರ್ಧ ಗಂಟೆಯೊಳಗೆ ಇಂದಿರಾನಗರವನ್ನೂ ಹಲಸೂರನ್ನೂ ಮುಟ್ಟುತ್ತಾರೆ. ಕೆಲಸ ಅಲ್ಲಿ, ಸ್ನೇಹ ಅಲ್ಲಿ, ಕೆಲವು ಸಾರಿ ಮದುವೆಯೂ ಅಲ್ಲಿಯೇ. ಆದದರಿಂದ ಈ ಸಂಗತಿಯು ಪಟ್ಟಣದ್ದೆಂದು ಹಳ್ಳಿಯವರು ತಳ್ಳಿಬಿಡಬಾರದು.

ಇವರ ಮಗಳು ಪಿ.ಯು.ಸಿ. ಮುಗಿಸಿದಳು, ಹದಿನೆಂಟು ತುಂಬಿತು. ತಂದೆಯ ಅಣ್ಣನು ಊರಿನಿಂದ ಒಂದು ಸಂಬಂಧವನ್ನು ತಂದನು. ತಾಯಿಯು ಸಿದ್ಧ ಉಡುಪಿನ ಕಾರ್ಖಾನೆಯ ಸಂಬಳದಲ್ಲಿ ಮೂರು ವರುಷ ಚೀಟಿ ಕಟ್ಟಿ, ಮಗಳನ್ನು ದಾದಿಯರ ಶಿಕ್ಷಣಕ್ಕೆ ಸೇರಿಸಬೇಕೆಂದು ಹಣ ಕೂಡಿಸಿಟ್ಟಿದ್ದಳು. ಆ ಚೀಟಿಯ ವಿಷಯ ಗಂಡನಿಗೆ ತಿಳಿದಿದ್ದಿಲ್ಲ. ಗಂಡನು ಅಣ್ಣನಿಗೆ ಮಾತು ಕೊಟ್ಟುಬಿಟ್ಟಿದ್ದನು. ಅದು ಹೆಂಡತಿಗೆ ತಿಳಿದಿದ್ದಿಲ್ಲ. ಇಪ್ಪತ್ತು ವರುಷ ಒಂದೇ ಮನೆಯಲ್ಲಿದ್ದು, ಒಂದೇ ಬೆಂಚಿನಲ್ಲಿ ಕೂತು ಕರ್ತನ ಭೋಜನದಲ್ಲಿ ಪಾಲುಗೊಂಡವರು!

ಸೋಮವಾರ ಆತನು ನಮ್ಮ ಬಳಿಗೆ ಬಂದು, "ಉಪದೇಶಿಗಳೇ, ನಿಮ್ಮ ಮಾತಾದರೆ ಅವಳು ಕೇಳುತ್ತಾಳೆ, ನೀವೇ ಹೇಳಿಬಿಡಿ" ಅಂದನು. ಬುಧವಾರ ಆಕೆಯು ಬಂದು, "ಅಯ್ಯಾ, ನಾನು ಹೇಳಿದರೆ ಅವರಿಗೆ ಕೋಪ ಬರುತ್ತದೆ, ಅತ್ತೆಯವರಿಗೂ ಬೇಸರವಾಗುತ್ತದೆ, ನೀವು ಮೆಲ್ಲಗೆ ತಿಳಿಸಿ" ಅಂದಳು. ನಾವು ಎರಡೂ ಮಾತುಗಳನ್ನು ಹೊತ್ತೆವು. ಆತನ ಮಾತನ್ನು ಆಕೆಗೆ ತಿಳಿಸುವಾಗ ಸ್ವಲ್ಪ ಮೃದುಮಾಡಿದೆವು, ಆಕೆಯ ಮಾತನ್ನು ಆತನಿಗೆ ಹೇಳುವಾಗ ಚೀಟಿಯ ಸಂಗತಿಯನ್ನು ಬಿಟ್ಟೆವು. ಹದಿನೈದು ದಿನ ಹೀಗೆ ಹೋಯಿತು. ಆಮೇಲೆ ಆತನು ಆಕೆಗೆ ಒಪ್ಪಿಗೆಯಿದೆಯೆಂದು ತಿಳಿದನು, ಆಕೆಯು ಆತನು ಮದುವೆಯ ಯೋಚನೆಯನ್ನು ಬಿಟ್ಟನೆಂದು ತಿಳಿದಳು. ಊರಿನವರು ಹೆಣ್ಣು ನೋಡುವದಕ್ಕೆ ಬಂದು ಬಾಗಲಲ್ಲಿ ನಿಂತಾಗ ಆಕೆಯು ಕಾರ್ಖಾನೆಯಲ್ಲಿದ್ದಳು.

ನಾವು ಮನೆಗೆ ಬಂದು ಇದನ್ನೆಲ್ಲಾ ದುಃಖದಿಂದ ಹೇಳಲು, ನಮ್ಮ ಪತ್ನಿಯು ಅಕ್ಕಿ ಆರಿಸುತ್ತಾ, "ಅವರಿಬ್ಬರ ನಡುವೆ ನೀವು ಯಾಕೆ ನಿಂತಿರಿ? ನೀವು ನಿಂತದ್ದರಿಂದಲ್ಲವೇ ಒಬ್ಬರ ಮುಖ ಒಬ್ಬರಿಗೆ ಕಾಣಿಸದೆ ಹೋದದ್ದು?" ಅಂದಳು. ದೈವಶಾಸ್ತ್ರದ ಪಾಠಶಾಲೆಯಲ್ಲಿ ಸಂಧಾನಕಾರನ ಧರ್ಮವನ್ನು ಕುರಿತು ನಾವು ಬಹಳ ಓದಿದ್ದೆವು. ಈ ಪ್ರಶ್ನೆಗೆ ಮಾತ್ರ ಉತ್ತರ ಹೊಳೆಯಲಿಲ್ಲ.

ಆ ರಾತ್ರಿ ಆದಿಕಾಂಡವನ್ನು ತೆರೆದು ಇಸಾಕ ರೆಬೆಕ್ಕರ ಚರಿತ್ರೆಯನ್ನು ಪುನಃ ಓದಿದೆವು. ಇದನ್ನು ಎಷ್ಟೋ ಸಾರಿ ಪ್ರಸಂಗಿಸಿದ್ದೇವೆ. ಪ್ರತಿ ಸಾರಿಯೂ ಯಾಕೋಬನ ಮೋಸವನ್ನೇ ಹಿಡಿದು ಮಾತಾಡಿದ್ದೇವೆ. ಈ ಸಾರಿ ತಂದೆತಾಯಿಗಳನ್ನು ನೋಡಿದೆವು. ಗರ್ಭದಲ್ಲಿ ಮಕ್ಕಳು ನೂಕಾಡುತ್ತಿದ್ದಾಗ ರೆಬೆಕ್ಕಳು ದೇವರನ್ನು ವಿಚಾರಿಸಿದಳು. ಹಿರಿಯನು ಕಿರಿಯನಿಗೆ ಸೇವೆಮಾಡುವನೆಂಬ ಉತ್ತರವು ಆಕೆಗೆ ದೊರೆಯಿತು. ಆ ಉತ್ತರವನ್ನು ಆಕೆಯು ಗಂಡನಿಗೆ ತಿಳಿಸಿದಳೆಂದು ಆ ಅಧ್ಯಾಯಗಳಲ್ಲಿ ಎಲ್ಲಿಯೂ ಇಲ್ಲ. ಇಸಾಕನು ಬೇಟೆಯ ಮಾಂಸದ ರುಚಿಗಾಗಿ ಏಸಾವನನ್ನು ಪ್ರೀತಿಸಿದನು, ಆಕೆಯು ಯಾಕೋಬನನ್ನು ಪ್ರೀತಿಸಿದಳು. ಆಶೀರ್ವಾದ ಕೊಡುವ ದಿನ ಬಂದಾಗ ಇಸಾಕನು ಹೆಂಡತಿಯನ್ನು ಕರೆದು ಕೇಳಲಿಲ್ಲ, ಮಗನನ್ನು ಮಾತ್ರ ಕರೆದನು. ರೆಬೆಕ್ಕಳಿಗೆ ಅದು ಗೊತ್ತಾದದ್ದು ಮರೆಯಲ್ಲಿ ಕೇಳಿಸಿಕೊಂಡದ್ದರಿಂದ. ಆಗಲಾದರೂ ಆಕೆಯು ಗುಡಾರದೊಳಗೆ ಹೋಗಿ, ದೇವರು ನನಗೆ ಹೀಗೆ ಹೇಳಿದ್ದಾನಲ್ಲಾ ಎಂದು ಗಂಡನ ಮುಂದೆ ಅಳಬಹುದಾಗಿತ್ತು. ಆಕೆಯು ಮಾಡಿದ್ದೇನಂದರೆ, ಮಗನ ಕೈಗಳಿಗೆ ಮೇಕೆಮರಿಗಳ ಚರ್ಮವನ್ನು ಸುತ್ತಿದಳು. ಆ ಮನೆಯಲ್ಲಿ ಜಗಳವು ಕೇಳಿಸಿರಲಾರದು. ಒಬ್ಬ ಮಗನು ದೇಶ ಬಿಟ್ಟು ಓಡಿಹೋದನು. ತಾಯಿಯು ಅವನನ್ನು ಪುನಃ ಕಂಡಳೆಂದು ಬರೆದಿಲ್ಲ.

ಇಲ್ಲಿ ಹಿರಿಯರೊಬ್ಬರು ನಮ್ಮನ್ನು ತಡೆದು, ಹೆಂಡತಿಯರು ಗಂಡಂದಿರಿಗೆ ಅಧೀನರಾಗಿರಬೇಕೆಂದು ಪೌಲನು ಎಫೆಸದವರಿಗೆ ಬರೆಯಲಿಲ್ಲವೋ ಎಂದು ಕೇಳಿದರು. ಬರೆದಿದ್ದಾನೆ. ಅದಕ್ಕೆ ಮುಂಚಿನ ವಚನದಲ್ಲಿಯೇ ಒಬ್ಬರಿಗೊಬ್ಬರು ಅಧೀನರಾಗಿರಿ ಎಂಬ ಅಭಿಪ್ರಾಯವನ್ನೂ ಬರೆದಿದ್ದಾನೆ, ಅದೇ ಪತ್ರಿಕೆಯಲ್ಲಿ ಸುಳ್ಳನ್ನು ಬಿಟ್ಟು ನೆರೆಯವನೊಂದಿಗೆ ನಿಜವನ್ನಾಡಬೇಕೆಂದೂ ಆಜ್ಞಾಪಿಸಿದ್ದಾನೆ. ಹೆಂಡತಿಗಿಂತ ಹತ್ತಿರದ ನೆರೆಯವರು ಗಂಡನಿಗೆ ಯಾರಿದ್ದಾರೆ? ಮನಸ್ಸಿನಲ್ಲಿ ಇಲ್ಲವೆನ್ನುತ್ತಾ ತಲೆಯಾಡಿಸುವವಳನ್ನು ವಿಧೇಯಳೆನ್ನಬಹುದೋ? ಗಂಡನ ಕೋಪಕ್ಕೆ ಅಂಜಿ ಚೀಟಿಯನ್ನು ಬಚ್ಚಿಟ್ಟವಳು ಆತನನ್ನು ಗೌರವಿಸಿದ್ದಾಳೆಂದು ನಮಗೆ ತೋರುವದಿಲ್ಲ. ಆತನು ಕೇಳಿಸಿಕೊಳ್ಳಲಾರದ ಮನುಷ್ಯನೆಂದು ಒಳಗೊಳಗೇ ತೀರ್ಪುಮಾಡಿದ್ದಾಳೆ. ಆತನೂ ಹಾಗೆಯೇ, ಆಕೆಯನ್ನು ಕೇಳತಕ್ಕವಳೆಂದು ಎಣಿಸಲಿಲ್ಲ. ಆದರೂ ಇಬ್ಬರ ದೋಷವು ಒಂದೇ ತೂಕದ್ದೆಂದು ಹೇಳಲಾರೆವು. ಹೊಡೆತಕ್ಕೋ ಬೈಗಳಿಗೋ ಹೆದರಿ ಬಾಯಿಮುಚ್ಚಿದವಳಿಗೆ, ಮನಸ್ಸು ಬಿಚ್ಚಿ ಮಾತಾಡಮ್ಮಾ ಎಂದು ಉಪದೇಶಿಸುವದು ಸುಲಭ. ಮೊದಲು ಉಪದೇಶ ಬೇಕಾದದ್ದು ಆ ಹೆದರಿಕೆಯನ್ನು ಹುಟ್ಟಿಸಿದವನಿಗೆ.

ಪದ್ಧತಿಯ ಮಾತನ್ನೂ ಹೇಳಬೇಕು. ಆ ಅಣ್ಣನು ನಮ್ಮ ಮುಂದೆ, "ಹದಿನೆಂಟು ತುಂಬುತ್ತಲೇ ಹೆಣ್ಣನ್ನು ಧಾರೆಯೆರೆಯುವದು ತಲೆತಲಾಂತರದಿಂದ ಬಂದ ವಾಡಿಕೆ" ಅಂದನು. ಅವನ ಮುತ್ತಜ್ಜಿಯ ಕಾಲದಲ್ಲಿ ಕೃಷ್ಣರಾಜಪುರವು ಮೈಸೂರು ಸಂಸ್ಥಾನದಲ್ಲಿತ್ತು, ಹಲಸೂರು ಆಂಗ್ಲರ ಆಡಳಿತದ ದಂಡುಪ್ರದೇಶದಲ್ಲಿತ್ತು. ಆ ಸಂಸ್ಥಾನದಲ್ಲಿ 1894ರಲ್ಲಿ ಬಂದ ಕಾಯಿದೆಯು 8 ವರುಷ ತುಂಬದ ಹುಡುಗಿಯ ಮದುವೆಯನ್ನೂ, 50 ದಾಟಿದ ಗಂಡಸು 14 ತುಂಬದ ಹುಡುಗಿಯನ್ನು ವರಿಸುವದನ್ನೂ ನಿಷೇಧಿಸಿತು. ಎಂಟು ವರುಷವೆಂಬದನ್ನೇ ಆಗ ಕಾಯಿದೆಯಿಂದ ಹೇಳಬೇಕಾಗಿತ್ತು! ಬ್ರಿಟಿಷ್ ಇಂಡಿಯಾದಲ್ಲಿ 1929ರ ಕಾಯಿದೆಯು ಹುಡುಗಿಯರಿಗೆ 14 ಎಂದು ಗೊತ್ತುಮಾಡಿತು. 18 ಎಂಬದು 1978ರಲ್ಲಿ ಬಂತು. ತಲೆತಲಾಂತರವೆಂದು ಆ ಅಣ್ಣನು ಹೇಳಿದ ವಾಡಿಕೆಯು ಅವನಿಗಿಂತಲೂ ಚಿಕ್ಕದು. ಇನ್ನು ಗಂಡಿನ ಕಡೆಯವರು ಮದುವೆಯ ಖರ್ಚೆಂಬ ಹೆಸರಿನಲ್ಲಿ ಕೇಳಿದ ಹಣವಾದರೋ 1961ರಿಂದ ಈ ದೇಶದಲ್ಲಿ ಅಪರಾಧವಾಗಿದೆ. ಪ್ರಾರ್ಥನೆಮಾಡಿ ಕೇಳಿದರೂ ಅದು ವರದಕ್ಷಿಣೆಯೇ.

ಪದ್ಧತಿಗೆ ಕಟ್ಟುಬೀಳುವದು ನಮ್ಮವರಿಗೆ ಮಾತ್ರ ಇರುವ ರೋಗವಲ್ಲ. ಲಂಡನ್ ಮಿಷನಿನ ಬೆಂಜಮಿನ್ ರೈಸ್ ದೊರೆಗಳ ಮಗನು 1837ರಲ್ಲಿ ಬೆಂಗಳೂರಿನಲ್ಲಿಯೇ ಹುಟ್ಟಿದನು; ಮುಂದೆ ನಮ್ಮ ನಾಡಿನ ಶಾಸನಗಳನ್ನು ಅಚ್ಚುಹಾಕಿಸಿದ ಲೂಯಿ ರೈಸ್ ಆತನೇ. ಆತನಿಗೆ ವಿದ್ಯೆಯಾದದ್ದು ಇಂಗ್ಲೆಂಡಿನಲ್ಲಿ. ಮಕ್ಕಳನ್ನು ಸಮುದ್ರದಾಚೆಗೆ ಕಳುಹಿಸಿ ವರುಷಗಟ್ಟಲೆ ಕಾಣದಿರುವದು ಆ ಕಾಲದ ಆಂಗ್ಲ ಕುಟುಂಬಗಳಲ್ಲಿ ಪದ್ಧತಿಯಾಗಿತ್ತು. 1840ರ ದಶಕದಲ್ಲಿ ಈ ಊರಿನ ಕನ್ನಡ ಹೆಣ್ಣುಮಕ್ಕಳಿಗೆ ಅಕ್ಷರ ಕಲಿಸುವದಕ್ಕೆ ಶ್ರಮಪಟ್ಟವರಲ್ಲಿ ರೈಸ್ ದೊರೆಸಾನಿಯೂ ಒಬ್ಬರು. ಪರರ ಮಕ್ಕಳನ್ನು ಪಕ್ಕದಲ್ಲಿ ಕೂರಿಸಿಕೊಂಡ ಹೊತ್ತಿನಲ್ಲಿ ಆ ತಾಯಿಯ ಮನಸ್ಸು ಎಲ್ಲಿತ್ತೋ ಎಂದು ನಮ್ಮ ಪತ್ನಿಯು ಕೇಳುತ್ತಾಳೆ.

ನೆಂಟರ ಒತ್ತಾಯಕ್ಕೆ ದಂಪತಿಗಳು ಹೇಗೆ ಉತ್ತರಕೊಡಬೇಕೆಂಬದಕ್ಕೆ ಲೂಕನ ಸುವಾರ್ತೆಯ ಮೊದಲನೆಯ ಅಧ್ಯಾಯವನ್ನು ನೋಡಿರಿ. ಮಗುವಿಗೆ ತಂದೆಯ ಹೆಸರನ್ನೇ ಇಡಬೇಕೆಂದು ನೆರೆಹೊರೆಯವರೂ ಬಂಧುಗಳೂ ಕೂಡಿದರು. ಎಲಿಸಬೇತಳು ಬೇಡವೆಂದು ಯೋಹಾನನೆಂಬ ಹೆಸರನ್ನು ಹೇಳಿದಳು. ನಿಮ್ಮ ಬಂಧುಗಳಲ್ಲಿ ಆ ಹೆಸರಿನವರೇ ಇಲ್ಲವೆಂದು ಅವರು ಆಕೆಯನ್ನು ಬಿಟ್ಟು ತಂದೆಗೆ ಸನ್ನೆಮಾಡಿದರು. ನಮ್ಮ ಊರುಗಳಲ್ಲಿಯೂ ಹೀಗೆಯೇ ಅಲ್ಲವೇ? ಜಕರೀಯನು ಹಲಗೆಯನ್ನು ತರಿಸಿ ಅದೇ ಹೆಸರನ್ನು ಬರೆದನು. ಒಂಬತ್ತು ತಿಂಗಳಿಂದ ಆತನ ನಾಲಿಗೆಯೇ ಕಟ್ಟಿತ್ತು. ಮೂಕನಾದವನು ತನ್ನ ಹೆಂಡತಿಯೊಂದಿಗೆ ಹಲಗೆಯ ಮೇಲೆ ಬರೆದು ಮಾತಾಡಿಕೊಂಡಿರಬೇಕೆಂದು ನಾವು ಊಹಿಸುತ್ತೇವೆ. ಬಾಯಿರುವ ನಾವು ಅಷ್ಟನ್ನೂ ಮಾಡಲಿಲ್ಲ.

ನಾವು ಎಂದು ಬರೆದದ್ದು ಮಾತಿಗಲ್ಲ. ನಮ್ಮ ಮಗನು ಹುಟ್ಟಿದ ವರುಷದ ಸುಗ್ಗಿಯ ಹಬ್ಬದಲ್ಲಿ ನಾವು ಸಭೆಯ ಮುಂದೆ ನಿಂತು, ಇವನನ್ನು ಸೇವೆಗಾಗಿ ಕರ್ತನಿಗೆ ಕೊಟ್ಟಿದ್ದೇವೆಂದು ಹೇಳಿದೆವು. ಆಮೇಲೆ ಪ್ರತಿ ಊರಿನಲ್ಲಿಯೂ ಹೇಳಿದೆವು. ಮೇಲೆ ಹೇಳಿದ ರಾತ್ರಿ ಪತ್ನಿಯು, "ಹದಿನಾಲ್ಕು ವರುಷ ಸಭೆಗೆಲ್ಲಾ ಹೇಳಿದಿರಿ, ನನ್ನನ್ನು ಒಂದು ಸಾರಿಯೂ ಕೇಳಲಿಲ್ಲ" ಅಂದಳು. "ನಿನಗೆ ಇಷ್ಟವಿಲ್ಲವೇ?" ಎಂದು ಕೇಳಿದೆವು. "ಇಷ್ಟವಿದೆಯೋ ಇಲ್ಲವೋ ನನಗೇ ತಿಳಿಯದು. ಯಾರಾದರೂ ಕೇಳಿದ್ದರೆ ಯೋಚಿಸುತ್ತಿದ್ದೆನು. ಹುಡುಗನಿಗೆ ವಿದ್ಯುತ್ತಿನ ಕೆಲಸ ಕಲಿಯಬೇಕೆಂದು ಆಸೆ. ನಿಮಗೆ ಹೇಳಲು ಹೆದರುತ್ತಾನೆ." ಹನ್ನಳು ತನ್ನ ಹರಕೆಯ ವಿಷಯವನ್ನು ಎಲ್ಕಾನನಿಗೆ ತಿಳಿಸಿದಳು, ಆತನು ನಿನಗೆ ಸರಿತೋಚಿದಂತೆ ಮಾಡು ಅಂದನು, ಸಮುವೇಲನು ಆಲಯಕ್ಕೆ ಹೋದದ್ದು ಹಾಗೆ ಇಬ್ಬರ ಒಪ್ಪಿಗೆಯಿಂದ. ನಾವು ಆ ಅಧ್ಯಾಯವನ್ನೇ ಓದಿ ಮಗನನ್ನು ಪ್ರತಿಷ್ಠಿಸಿದ್ದೆವು.

ಮಾರನೆಯ ದಿನ ಕೃಷ್ಣರಾಜಪುರಕ್ಕೆ ಹೋಗಿ ಆ ದಂಪತಿಗಳನ್ನು ಒಟ್ಟಿಗೆ ಕೂರಿಸಿ, ನಾವು ಮಾತು ಮುಚ್ಚಿದ್ದಕ್ಕೆ ಕ್ಷಮೆ ಕೇಳಿಕೊಂಡೆವು. ಇನ್ನು ಮೇಲೆ ಒಬ್ಬರ ಮಾತನ್ನು ಒಬ್ಬರಿಗೆ ಹೊರುವದಿಲ್ಲವೆಂದೂ ಹೇಳಿ ಬಂದುಬಿಟ್ಟೆವು. ಅದೇ ರಾತ್ರಿ, ಅತ್ತೆಯು ಮಲಗಿದ ಮೇಲೆ, ಅವರು ಮಾಳಿಗೆಯ ಮೇಲೆ ನೀರಿನ ತೊಟ್ಟಿಯ ಪಕ್ಕದಲ್ಲಿ ಕೂತರಂತೆ. ಆಕೆಯು ಚೀಟಿಯ ಪುಸ್ತಕವನ್ನು ತಂದು ಆತನ ಕೈಗೆ ಕೊಟ್ಟಳು. ಆತನು ಬಹಳ ಹೊತ್ತು ಅದನ್ನು ತಿರುವಿಹಾಕುತ್ತಿದ್ದು, "ನನಗೆ ಅಣ್ಣನನ್ನು ಕಂಡರೆ ಭಯ, ಅಪ್ಪ ಸತ್ತ ಮೇಲೆ ನನ್ನನ್ನು ಸಾಕಿದವನು ಅವನು. ಆದದರಿಂದ ಒಪ್ಪಿಕೊಂಡೆನು" ಅಂದನು. ಇಪ್ಪತ್ತು ವರುಷದಲ್ಲಿ ತನಗೆ ಭಯವಿದೆಯೆಂದು ಆತನು ಹೇಳಿದ್ದು ಅದೇ ಮೊದಲು. ಮಕ್ಕಳಿಗೆ ಕರ್ತನ ಪ್ರಾರ್ಥನೆಯನ್ನು ತಮಿಳಿನಲ್ಲಿಯೂ ಕಲಿಸಿದ್ದೇನೆಂದು ಆಕೆಯು ಆಗಲೇ ತಿಳಿಸಿದಳು. ಅತ್ತೆಗೆ ಅಂಜಿ ಇಷ್ಟು ವರುಷವೂ ಪಿಸುಮಾತಿನಲ್ಲಿ ಹೇಳಿಸುತ್ತಿದ್ದಳಂತೆ. ಚೀಟಿಯ ವಿಷಯದಲ್ಲಿ ಆತನಿಗೆ ಕೋಪ ಬಾರದೆ ಇರಲಿಲ್ಲ. ಎರಡು ದಿನ ಸರಿಯಾಗಿ ಉಣ್ಣಲಿಲ್ಲ. ಮಾನೋಹನ ಹೆಂಡತಿಯು ದೇವದೂತನ ಮಾತನ್ನು ಗಂಡನಿಗೆ ಬಂದು ತಿಳಿಸಿದಾಗ, ಹುಟ್ಟುವ ಮಗುವಿಗೆ ನಾವು ಏನು ಮಾಡಬೇಕೆಂದು ಕಲಿಸು ಎಂದು ಆತನು ದೇವರನ್ನು ಬೇಡಿಕೊಂಡನಲ್ಲವೇ? ಮೂರನೆಯ ದಿನ ಇವನೂ ಅಂಥದೇ ಪ್ರಾರ್ಥನೆಯನ್ನು ಮಾಡಿದನೆಂದು ಆಕೆಯು ನಮ್ಮ ಪತ್ನಿಗೆ ಹೇಳಿದಳು.

ಮಗಳನ್ನೂ ಕೇಳಿದರು. ಆಕೆಗೆ ದಾದಿಯಾಗುವ ಮನಸ್ಸೂ ಅಷ್ಟಾಗಿ ಇಲ್ಲವಂತೆ. ಲೆಕ್ಕಪತ್ರದ ವಿದ್ಯೆ ಕಲಿಯಬೇಕೆನ್ನುತ್ತಾಳೆ. ತಾಯಿಯು ಇದನ್ನು ಕೇಳಿ ಅತ್ತಳು. ಶನಿವಾರ ಮಧ್ಯಾಹ್ನ ಆತನು ಟೆಂಪೋವನ್ನು ನಿಲ್ಲಿಸಿ, ಹೆಂಡತಿಯನ್ನು ಕರೆದುಕೊಂಡು, ಅಣ್ಣನ ಊರಿನ ಬಸ್ಸನ್ನು ಹತ್ತಿದನು.