ದಿನವಿಡೀ ಸಂತೆಯಲ್ಲಿ ನಿಂತವರು



ಮತ್ತಾಯನ ಶುಭಸಂದೇಶದ ಇಪ್ಪತ್ತನೆಯ ಅಧ್ಯಾಯದಲ್ಲಿ ಬರುವ ದ್ರಾಕ್ಷಾತೋಟದ ಸಾಮತಿಯನ್ನು ನಾವೆಲ್ಲರೂ ಬಲಿಪೂಜೆಯಲ್ಲಿ ಹಲವು ಸಲ ಆಲಿಸಿದ್ದೇವೆ. ಸಂಜೆ ಬಂದವನಿಗೂ ಮುಂಜಾನೆ ಬಂದವನಷ್ಟೇ ಕೂಲಿ ಸಿಕ್ಕಿತೆಂಬುದು ನಮ್ಮ ನೆನಪಿನಲ್ಲಿ ಉಳಿಯುತ್ತದೆ. ಆದರೆ ಅದಕ್ಕೂ ಮೊದಲು ಒಂದು ಪುಟ್ಟ ಸಂಭಾಷಣೆಯಿದೆ. ದಿನವಿಡೀ ಸುಮ್ಮನೆ ಏಕೆ ನಿಂತಿರಿ ಎಂದು ಯಜಮಾನ ಕೇಳುತ್ತಾನೆ. ತಮ್ಮನ್ನು ಯಾರೂ ಕೆಲಸಕ್ಕೆ ಕರೆಯಲಿಲ್ಲ ಎಂದು ಅವರು ಉತ್ತರಿಸುತ್ತಾರೆ. ಅವರು ಸೋಮಾರಿಗಳಲ್ಲ, ಸೋಮಾರಿಯಾದವನು ಸಂಜೆಯವರೆಗೆ ಸಂತೆಯಲ್ಲಿ ಕಾದು ನಿಲ್ಲುವುದಿಲ್ಲ.

ವಿಜಯಪುರ ಜಿಲ್ಲೆಯ ಕಳ್ಳಕವಟಗಿಯಂಥ ಊರಿನಲ್ಲಿ ಕುಳಿತು ಓದಿದರೆ ಈ ಸಾಮತಿ ದೂರದ ಕಥೆಯೆನಿಸದು. ತಿಕೋಟಾ ಸೀಮೆ ದ್ರಾಕ್ಷಿಗೂ ಒಣದ್ರಾಕ್ಷಿಗೂ ಹೆಸರಾದದ್ದು. ಅಲ್ಲಿ ಬಳ್ಳಿಗೆ ವರ್ಷದಲ್ಲಿ ಎರಡು ಸಲ, ಏಪ್ರಿಲ್ ಮತ್ತು ಅಕ್ಟೋಬರ್ ಸುಮಾರಿಗೆ, ಚಾಟಣಿಯಾಗಬೇಕು. ಎಷ್ಟು ಕಣ್ಣು ಬಿಟ್ಟು ಕತ್ತರಿಸಬೇಕು, ಗೊನೆಯಲ್ಲಿ ಯಾವ ಕಾಯಿ ತೆಗೆಯಬೇಕು, ಒಣಗಿಸುವ ಮುನ್ನ ಹಣ್ಣನ್ನು ದ್ರಾವಣದಲ್ಲಿ ಹೇಗೆ ಅದ್ದಬೇಕು – ಇದೆಲ್ಲ ಯಾರಾದರೂ ಪಕ್ಕದಲ್ಲಿ ನಿಂತು ಕಲಿಸಬೇಕಾದ ವಿದ್ಯೆ. ಅದು ಬಲ್ಲವನನ್ನು ತೋಟದವರೇ ಹುಡುಕಿಕೊಂಡು ಬರುತ್ತಾರೆ. ಬಾರದವನು ಬುಟ್ಟಿ ಹೊರುತ್ತಾನೆ. ಅದೂ ಇಲ್ಲದಾಗ ಕಬ್ಬು ಕಡಿಯಲು ಮಹಾರಾಷ್ಟ್ರಕ್ಕೋ, ಕಟ್ಟಡದ ಕೆಲಸಕ್ಕೆ ಗೋವಾಕ್ಕೋ ಗಂಟುಮೂಟೆ ಕಟ್ಟುತ್ತಾನೆ. ಅವನೊಂದಿಗೆ ಮಕ್ಕಳೂ ಶಾಲೆ ಬಿಟ್ಟು ಹೊರಡುತ್ತಾರೆ.

ಇಂಥವನಿಗೆ ನಾವು ಏನು ಕೊಡಬೇಕು? ಹಬ್ಬಕ್ಕೆ ಅಕ್ಕಿ, ಸೀರೆ, ಹಳೆಯ ಬಟ್ಟೆ ಕೊಡುತ್ತೇವೆ, ಅದು ಒಳ್ಳೆಯದೇ. ಆದರೆ ದುಡಿಮೆ ದಾನಕ್ಕಿಂತ ಬೇರೆಯದು. ಮನುಷ್ಯನಿಗಾಗಿ ದುಡಿಮೆಯೇ ಹೊರತು ದುಡಿಮೆಗಾಗಿ ಮನುಷ್ಯನಲ್ಲ ಎಂದು ಜಗದ್ಗುರು ಎರಡನೇ ಜಾನ್ ಪೌಲರು 1981ರ ವಿಶ್ವಪತ್ರದಲ್ಲಿ ಬೋಧಿಸಿದರು. ಅಂಗವಿಕಲರಿಗೂ ತರಬೇತಿ ಮತ್ತು ಕೆಲಸ ದೊರೆಯಬೇಕೆಂದು ಅದೇ ಪತ್ರ ಹೇಳುತ್ತದೆ. ಮೇ 1ರಂದು ನಾವು ಸ್ಮರಿಸುವ ಕಾರ್ಮಿಕ ಸಂತ ಜೋಸೆಫರ ಹಬ್ಬವನ್ನು 1955ರಲ್ಲಿ ಹನ್ನೆರಡನೇ ಪಯಸ್‌ರವರು ಸ್ಥಾಪಿಸಿದ್ದೂ ದುಡಿಯುವ ಕೈಗಳನ್ನು ಗೌರವಿಸಲೆಂದೇ.

ನಮ್ಮ ನಾಡಿನಲ್ಲಿಯೇ ಒಂದು ಮಾದರಿಯಿದೆ. 1982ರಲ್ಲಿ ಉಜಿರೆಯಲ್ಲಿ ಡಾ. ವೀರೇಂದ್ರ ಹೆಗ್ಗಡೆಯವರು ಸಿಂಡಿಕೇಟ್ ಮತ್ತು ಕೆನರಾ ಬ್ಯಾಂಕುಗಳೊಡನೆ ಕೂಡಿ ರುಡ್‌ಸೆಟ್ ಸಂಸ್ಥೆಯನ್ನು ಆರಂಭಿಸಿದರು. ವಿಜಯಪುರದಲ್ಲಿಯೂ ಅದರ ಕೇಂದ್ರವಿದೆ. ಊಟ ವಸತಿಯೊಡನೆ ಉಚಿತವಾಗಿ ಅಲ್ಪಾವಧಿಯ ತರಬೇತಿ ಕೊಡುವುದು ಅದರ ರೀತಿ. ಆದರೆ ಅದರ ನಿಜವಾದ ಗುಟ್ಟು ಪ್ರಮಾಣಪತ್ರ ಕೊಟ್ಟ ಮೇಲಿನದು: ಕಲಿತವರನ್ನು ಮತ್ತೆ ಮತ್ತೆ ವಿಚಾರಿಸುವುದು, ಸಾಲಕ್ಕೆ ಬ್ಯಾಂಕಿನ ದಾರಿ ತೋರಿಸುವುದು, ಎಡವಿದರೆ ಕೈ ಹಿಡಿಯುವುದು. ಒಳ್ಳೆಯದು ಯಾವ ಮನೆಯಿಂದ ಬಂದರೂ ಕಲಿಯಲು ನಾವು ಸಂಕೋಚಪಡಬೇಕಿಲ್ಲ.

ಏಕೆಂದರೆ ಕೆಲಸ ಹುಡುಕುವುದಕ್ಕಿಂತ ಅದನ್ನು ಉಳಿಸಿಕೊಳ್ಳುವುದು ಕಷ್ಟ. ಮಗುವಿಗೆ ಜ್ವರ ಬಂದು ವಿಧವೆ ತಾಯಿ ಎರಡು ದಿನ ತಪ್ಪಿಸುತ್ತಾಳೆ. ಕುಡಿತ ಬಿಟ್ಟವನು ಒಂದು ಸಂಜೆ ಜಾರುತ್ತಾನೆ. ಕುಂಟುವವನು ಮೊದಲ ವಾರ ನಿಧಾನ. ಅಲ್ಲಿಗೆ ಕೆಲಸ ಹೋಗುತ್ತದೆ.

‘ನಾನು ಅಂಗಡಿ ಇಟ್ಟವನು, ಧರ್ಮಛತ್ರ ಇಟ್ಟವನಲ್ಲ’ ಎಂದು ನಿಮ್ಮಲ್ಲಿ ಯಾರಾದರೂ ಹೇಳಬಹುದು. ಆ ಮಾತಿನಲ್ಲಿ ಸತ್ಯವಿದೆ. ಒಬ್ಬನ ಮೇಲೆಯೇ ಭಾರ ಹೊರಿಸುವುದು ನ್ಯಾಯವಲ್ಲ. ಅದಕ್ಕಾಗಿಯೇ ಧರ್ಮಕೇಂದ್ರವಿರುವುದು. ಒಬ್ಬರು ಕಲಿಸಲಿ, ಒಬ್ಬರು ಮಗುವನ್ನು ನೋಡಿಕೊಳ್ಳಲಿ, ಒಬ್ಬರು ವಾರಕ್ಕೊಮ್ಮೆ ಹೋಗಿ ವಿಚಾರಿಸಲಿ. ಅಂಗಡಿಯವರು ಮೂರು ತಿಂಗಳ ತಾಳ್ಮೆಯನ್ನಷ್ಟೇ ಕೊಡಲಿ. ಆದರೆ ‘ಇನ್ನೂ ಕಲಿಯುತ್ತಿದ್ದಾನೆ’ ಎಂಬ ನೆಪದಲ್ಲಿ ವರ್ಷಗಟ್ಟಲೆ ಅರ್ಧ ಕೂಲಿ ಕೊಡುವುದು ಉಪಕಾರವಲ್ಲ, ಪಾಪ.

ಮುಂದಿನ ಭಾನುವಾರ ಪೂಜೆ ಮುಗಿದ ಮೇಲೆ ದೇವಾಲಯದ ಅಂಗಳದಲ್ಲಿ ಒಂದು ನಿಮಿಷ ನಿಂತು ನೋಡಿ. ಕೆಲಸವಿಲ್ಲದೆ ಹಿಂದೆ ಉಳಿದವರು ಯಾರು? ಹತ್ತಿರ ಹೋಗಿ ಹೆಸರು ಕೇಳಿ, ಏನು ಬರುತ್ತದೆಂದು ಕೇಳಿ. ‘ಯಾರೂ ಕರೆಯಲಿಲ್ಲ’ ಎಂದು ಅವರು ಹೇಳಿದರೆ, ಆ ‘ಯಾರೂ’ ಎಂಬ ಮಾತಿನಲ್ಲಿ ನಾವೂ ಸೇರಿದ್ದೇವೆ ಎಂಬುದನ್ನು ಮರೆಯದಿರೋಣ.